ಎಲೆಯೂ ಹುಲುಸು, ಹುಳವೂ ಹುಲುಸು

2024ರ ಮುಂಗಾರಿನಲ್ಲಿ ನನ್ನ ಎರಡು ಎಕರೆ ಕಡಲೆಕಾಯಿ ನೋಡಿದವರೆಲ್ಲ ಹೊಟ್ಟೆಕಿಚ್ಚು ಪಟ್ಟರು. ನಮ್ಮದು ನಂಜನಗೂಡು ತಾಲ್ಲೂಕಿನ ಕೆಂಪು ಮಣ್ಣು, ಪೂರಾ ಮಳೆಯಾಶ್ರಯ, ಬೋರ್‌ವೆಲ್ ಇಲ್ಲ. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಬಳ್ಳಿ ಸಾಲು ಮುಚ್ಚಿಕೊಂಡಿತ್ತು. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು, "ಏನಣ್ಣ, ಬಳ್ಳಿ ಹಿಂಗೆ ಎದ್ದದೆ, ಏನ್ ಹಾಕಿದ್ದೆ?" ಅಂದ. ಹೆಚ್ಚಿಗೆ ಏನೂ ಹಾಕಿರಲಿಲ್ಲ. ಆದರೂ ನಾನು ಒಳಗೊಳಗೇ ಬೀಗಿದೆ.

ಮಘೆ ಮಳೆ ಬರುವಷ್ಟರಲ್ಲಿ ಎಲೆ ಜರಡಿಯಾಗಿತ್ತು. ಹಗಲು ಹೋಗಿ ನೋಡಿದರೆ ಹುಳ ಕಾಣುವುದಿಲ್ಲ, ಬರೀ ಕಪ್ಪು ಹಿಕ್ಕೆ. ರಾತ್ರಿ ಬ್ಯಾಟರಿ ಹಿಡಿದು ಹೋದೆ. ಬಳ್ಳಿ ತುಂಬಾ ಹುಳ. ಹೊಗೆಸೊಪ್ಪು ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿದೆ. ಪುಸ್ತಕದಲ್ಲಿ ತಂಬಾಕಿನ ಎಲೆ ತಿನ್ನುವ ಹುಳ ಅಂತ ಬರೆಯುತ್ತಾರೆ, ಸ್ಪೋಡೋಪ್ಟೆರಾ ಅಂತ ಅದರ ಹೆಸರು. ದೊಡ್ಡದಾದ ಮೇಲೆ ಹಗಲು ಮಣ್ಣಿನ ಬಿರುಕಿನಲ್ಲಿ ಅಡಗಿಕೊಂಡು ರಾತ್ರಿ ಮೇಯುತ್ತದೆ. ಅಂಗಡಿಯಲ್ಲಿ ಕೇಳಿ ಮೂರು ಸಲ ಔಷಧಿ ಹೊಡೆದೆ. ಮೊದಲನೆಯದು ಹುಳಕ್ಕೆ ತಾಗಿತು, ಎರಡನೆಯದು ಅರ್ಧ ತಾಗಿತು, ಮೂರನೆಯದು ನನ್ನ ಜೇಬಿಗೆ ಮಾತ್ರ ತಾಗಿತು. 14 ಚೀಲ ಲೆಕ್ಕ ಹಾಕಿದ್ದವನಿಗೆ 9 ಚೀಲ ಬಂತು. ಔಷಧಿ ಸಾಲ ತೀರಿಸಿ, ಕಿತ್ತವರ ಕೂಲಿ ಕೊಟ್ಟು, ಮುಂದಿನ ಬಿತ್ತನೆಗೆ ಬೀಜ ಎತ್ತಿಟ್ಟರೆ ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ.

ನನ್ನನ್ನು ಕೊರೆದದ್ದು ಹುಳ ಬಂದದ್ದಲ್ಲ. ಹುಳ ನಮ್ಮಪ್ಪನ ಕಾಲದಲ್ಲೂ ಬರುತ್ತಿತ್ತು. ಇಷ್ಟು ಹುಲುಸಾಗಿದ್ದ ಬಳ್ಳಿಗೆ ಒಂದಿಷ್ಟೂ ತಡೆದುಕೊಳ್ಳುವ ಶಕ್ತಿ ಇರಲಿಲ್ಲವಲ್ಲ, ಅದು.

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನನ್ನ ತಂಗಿಯ ಮನೆ ಇದೆ. ನನ್ನ ಮಗಳು ಅಲ್ಲಿದ್ದುಕೊಂಡು ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ನಂಜನಗೂಡಿನಿಂದ ರೈಲು ಹತ್ತಿ ಚಾಮರಾಜಪುರಂ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಆ ಸಲ ಹೋದಾಗ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತೂತು ಬಿದ್ದ ಬಳ್ಳಿ ಹಾಕಿಕೊಂಡು ಹೋದೆ. ಜಗಲಿ ಮೇಲೆ ಸುರಿದು, "ನೋಡವ್ವ, ನೀನು ಓದೋ ಪುಸ್ತಕದಲ್ಲಿ ಇದಕ್ಕೇನು ಬರೆದಿದ್ದಾರೆ ಹೇಳು" ಅಂದೆ. ಅವಳು ಎಲೆ ತಿರುಗಿಸಿ ನೋಡಿ, "ಅಪ್ಪ, ನೀನು ಹುಳ ನೋಡ್ತಿದ್ದೀಯ. ಎಲೆಯನ್ನೂ ಸ್ವಲ್ಪ ನೋಡು" ಅಂದಳು. ಅವತ್ತು ಶುರುವಾದ ಮಾತು ಈಗಲೂ ಮುಗಿದಿಲ್ಲ. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಆದ್ದರಿಂದ ನನಗೆ ಅರ್ಥವಾದ ಭಾಷೆಯಲ್ಲೇ ಬರೆಯಬೇಕು.

ಗಾಳಿಯ ಲೆಕ್ಕ

ಇಂಗಾಲದ ಡೈಆಕ್ಸೈಡ್ ಗಿಡದ ಊಟ ಅಂತ ಶಾಲೆಯಲ್ಲಿ ಕಲಿತಿದ್ದೆವು. ಬಿಸಿಲು, ನೀರು, ಈ ಅನಿಲ ಮೂರೂ ಸೇರಿ ಎಲೆಯೊಳಗೆ ಸಕ್ಕರೆ ಆಗುತ್ತದೆ. ಗಾಳಿಯಲ್ಲಿ ಇದು ಬಹಳ ಕಮ್ಮಿ. ಹತ್ತು ಲಕ್ಷ ರಾಗಿ ಕಾಳು ರಾಶಿ ಹಾಕಿ ಅದರಲ್ಲಿ ಕೆಲವು ನೂರು ಸಾಸಿವೆ ಕಾಳು ಬೆರೆಸಿದ ಹಾಗೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. ಆಗ ಹತ್ತು ಲಕ್ಷಕ್ಕೆ ಸುಮಾರು 315 ಇತ್ತು. ನಾನು ಹುಟ್ಟಿದ 1970ರಲ್ಲಿ 325ರ ಹತ್ತಿರ. 2024ರ ಸರಾಸರಿ 424 ದಾಟಿತು. ಅಂದರೆ ನನ್ನ ಒಬ್ಬನ ಆಯುಸ್ಸಿನಲ್ಲೇ ನೂರು ಕಾಳು ಹೆಚ್ಚಾಗಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟದ್ದು, ಕಾಡು ಕಡಿದದ್ದು ಇದಕ್ಕೆ ಮುಖ್ಯ ಕಾರಣ.

ಊಟ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ? ನಾನೂ ಅದನ್ನೇ ಕೇಳಿದೆ. ಒಂದು ಲೆಕ್ಕದಲ್ಲಿ ಹೌದು. ಕಡಲೆಕಾಯಿ, ಅವರೆ, ತೊಗರಿ, ಹುರಳಿ, ಹತ್ತಿ, ಭತ್ತ ಇವೆಲ್ಲ ಈ ಅನಿಲ ಹೆಚ್ಚಾದರೆ ಹೆಚ್ಚು ಸಕ್ಕರೆ ಮಾಡಿಕೊಳ್ಳುತ್ತವೆ, ಹೆಚ್ಚು ಎಲೆ ಹಾಕುತ್ತವೆ. ಇನ್ನೊಂದು ಲಾಭವೂ ಇದೆ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಗಿಡ ಉಸಿರಾಡುವುದು ಅಲ್ಲಿಂದ. ಬೇಕಾದ ಅನಿಲ ಬೇಗ ಸಿಕ್ಕರೆ ಆ ಬಾಯಿ ಅರ್ಧ ಮುಚ್ಚಿಕೊಳ್ಳುತ್ತದೆ, ನೀರು ಆರಿಹೋಗುವುದು ಕಮ್ಮಿಯಾಗುತ್ತದೆ. ನಮ್ಮಂಥ ಮಳೆಯಾಶ್ರಯದವರಿಗೆ ಇದು ಸಣ್ಣ ಮಾತಲ್ಲ.

ಆದರೆ ಬರೀ ಸಕ್ಕರೆಯಿಂದ ಎಲೆ ಆಗುವುದಿಲ್ಲ. ಸಾರಜನಕ ಬೇಕು, ಅದು ಬರಬೇಕಾದದ್ದು ಮಣ್ಣಿನಿಂದ, ಬೇರಿನಿಂದ. ಗಾಳಿಯ ಊಟ ಹೆಚ್ಚಾಯಿತು, ಮಣ್ಣಿನ ಊಟ ಅಷ್ಟೇ ಇದೆ. ಹಿಡಿ ತೊಗರಿಬೇಳೆಗೆ ಇನ್ನೆರಡು ಚೆಂಬು ನೀರು ಸುರಿದ ಹಾಗೆ. ಪಾತ್ರೆ ತುಂಬುತ್ತದೆ, ಸಾರು ತೆಳ್ಳಗಾಗುತ್ತದೆ. ಹುಳಕ್ಕೆ ಮೈ ಬೆಳೆಸಲು ಬೇಕಾದದ್ದು ಸಕ್ಕರೆಗಿಂತ ಹೆಚ್ಚಾಗಿ ಆ ಬೇಳೆಯ ಅಂಶ, ಅಂದರೆ ಪ್ರೋಟೀನು. ಸಾರು ತೆಳ್ಳಗಿದ್ದರೆ ನಾವು ಎರಡು ಸೌಟು ಜಾಸ್ತಿ ಬಡಿಸಿಕೊಳ್ಳುವುದಿಲ್ಲವೇ? ಹುಳವೂ ಹಾಗೇ, ಎರಡು ಎಲೆ ಜಾಸ್ತಿ ತಿನ್ನುತ್ತದೆ.

ದ್ವಿದಳ ಬೆಳೆಯ ಬೇರಿನಲ್ಲಿ ಗಂಟು ಇರುತ್ತದಲ್ಲ, ಅದು ಗಾಳಿಯ ಸಾರಜನಕ ಹಿಡಿದು ಕೊಡುತ್ತದಲ್ಲ ಅಂತ ನೀವು ಕೇಳಬಹುದು. ಸರಿ, ಅದಕ್ಕೇ ಈ ಬೆಳೆಗಳಲ್ಲಿ ಸಾರಜನಕದ ಕೊರತೆ ಬೇರೆಯವಕ್ಕಿಂತ ಕಮ್ಮಿ. ಆದರೆ ಮಣ್ಣು ಒಣಗಿದಾಗ ಗಂಟಿನ ಕೆಲಸವೂ ನಿಲ್ಲುತ್ತದೆ. ಮಳೆ ನಡುವೆ ಇಪ್ಪತ್ತು ದಿನ ಕೈಕೊಡುವುದು ನಮ್ಮ ಹೊಲದಲ್ಲಿ ಹೊಸದಲ್ಲ.

ಗಿಡದ ತಮಟೆ

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಗಿಡ ಸುಮ್ಮನೆ ನಿಂತು ತಿನ್ನಿಸಿಕೊಳ್ಳುತ್ತದೆ ಅಂತ ನಾನು ಐವತ್ತು ವರ್ಷ ತಿಳಿದಿದ್ದೆ. ಹಾಗಲ್ಲವಂತೆ. ಹುಳ ಎಲೆಗೆ ಬಾಯಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಗಿಡದೊಳಗೆ ಒಂದು ವಸ್ತು ಹುಟ್ಟುತ್ತದೆ. ಅದರ ಹೆಸರು ಜಾಸ್ಮೋನಿಕ್ ಆಮ್ಲ. ಇದರ ಹತ್ತಿರದ ಸಂಬಂಧಿಯೊಂದು 1962ರಲ್ಲಿ ಜಾಜಿ ಹೂವಿನ ಎಣ್ಣೆಯಲ್ಲಿ ಸಿಕ್ಕಿತ್ತು, ಅದಕ್ಕೇ ಆ ಹೆಸರು. ಜಾಜಿ ಮಲ್ಲಿಗೆಯ ವಾಸನೆಗೂ ಹುಳದ ಕಾಟಕ್ಕೂ ಹೀಗೊಂದು ನಂಟು ಇದೆ ಅಂತ ಹೂ ಕಟ್ಟುತ್ತಾ ಕೂತಿದ್ದ ನನ್ನ ತಂಗಿಗೆ ಹೇಳಿದರೆ ಅವಳು ನಂಬಲಿಲ್ಲ.

ಊರಿನಲ್ಲಿ ಕಳ್ಳ ಬಂದರೆ ತಮಟೆ ಹೊಡೆದು ಎಬ್ಬಿಸುತ್ತಿದ್ದರಲ್ಲ, ಈ ಆಮ್ಲ ಆ ತಮಟೆ ಇದ್ದ ಹಾಗೆ. ಅದರ ಸದ್ದು ಎಲೆಯಿಂದ ಎಲೆಗೆ ಹರಡುತ್ತದೆ. ಆಗ ಗಿಡ ಕೆಲವು ಕಹಿ, ಒಗರು ವಸ್ತುಗಳನ್ನು ಮಾಡುತ್ತದೆ. ಜೊತೆಗೆ ಹುಳದ ಹೊಟ್ಟೆಯಲ್ಲಿ ತಿಂದದ್ದು ಅರಗದಂತೆ ಮಾಡುವ ವಸ್ತುಗಳನ್ನೂ ಮಾಡುತ್ತದೆ. ಈ ಎರಡನೆಯದು ನಮಗೆ ಗೊತ್ತಿಲ್ಲದ್ದೇನಲ್ಲ. ಅವರೆಕಾಳನ್ನು ಬೇಯಿಸದೆ ತಿಂದರೆ ಹೊಟ್ಟೆ ಏನಾಗುತ್ತದೆ ಎಂದು ಯಾವ ಹೆಂಗಸರನ್ನು ಕೇಳಿದರೂ ಹೇಳುತ್ತಾರೆ. ಆ ಕಾಳಿನಲ್ಲೂ ಜೀರ್ಣ ತಡೆಯುವ ಅಂಶ ಇದೆ, ಬೆಂದಾಗ ಅದು ಹಾಳಾಗುತ್ತದೆ. ಹುಳಕ್ಕೆ ಒಲೆ ಇಲ್ಲ, ಹಸಿಯಾಗಿಯೇ ತಿನ್ನಬೇಕು. ಅರಗದಿದ್ದರೆ ಸೊರಗುತ್ತದೆ, ಕಮ್ಮಿ ಮೊಟ್ಟೆ ಇಡುತ್ತದೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಈ ತಮಟೆಯ ಸದ್ದೇ ಸಣ್ಣದಾಗುತ್ತದೆ ಅಂತ ಗೊತ್ತಾದದ್ದು ಅಮೆರಿಕದ ಇಲಿನಾಯ್ ಎಂಬಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದವರು ಸೋಯಾ ಅವರೆಯ ಬಯಲು ಹೊಲದಲ್ಲೇ ಸುತ್ತ ಕೊಳವೆ ಹೂಡಿ ಅನಿಲ ಬಿಟ್ಟರು. ನಡುವಿನ ಗಿಡಗಳಿಗೆ ಹತ್ತು ಲಕ್ಷಕ್ಕೆ 550ರಷ್ಟು ಸಿಗುವ ಹಾಗೆ ಮಾಡಿದರು. ಈ ಶತಮಾನದ ನಡುವಿಗೆ ಗಾಳಿ ಹಾಗಿರಬಹುದು ಅಂತ ಅವರ ಅಂದಾಜು. ಗಾಜಿನ ಮನೆಯಲ್ಲ, ನಮ್ಮ ಹೊಲದಂತೆ ಬಯಲು. ಹುಳ ತಾನಾಗಿ ಬರಬಹುದು, ಹೋಗಬಹುದು. 2005ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಅನಿಲ ಹೆಚ್ಚಿದ್ದ ಕಡೆ ಎಲೆ ತಿಂದದ್ದು ಮಾಮೂಲಿ ಹೊಲಕ್ಕಿಂತ ನೂರಕ್ಕೆ 57ರಷ್ಟು ಹೆಚ್ಚು. ತಿಂದವುಗಳಲ್ಲಿ ಮುಖ್ಯವಾದದ್ದು ಜಪಾನಿ ದುಂಬಿ ಅನ್ನುವ ಒಂದು ಜೀರುಂಡೆ, ನಮ್ಮಲ್ಲಿ ಅದಿಲ್ಲ. 2008ರಲ್ಲಿ ಕಾರಣವೂ ಸಿಕ್ಕಿತು. ಆ ಗಿಡಗಳಲ್ಲಿ ಜಾಸ್ಮೋನಿಕ್ ಆಮ್ಲ ಮಾಡಿಸುವ ವ್ಯವಸ್ಥೆ ಮಂಕಾಗಿತ್ತು, ಅರಗದಂತೆ ಮಾಡುವ ವಸ್ತು ಕಮ್ಮಿಯಾಗಿತ್ತು. ಎಲೆಯಲ್ಲಿ ಸಕ್ಕರೆಯಂತೂ ಹೆಚ್ಚಿತ್ತು. ದುಂಬಿಗಳು ಅಲ್ಲಿ ಹೆಚ್ಚು ದಿನ ಬದುಕಿ ಹೆಚ್ಚು ಮೊಟ್ಟೆಯನ್ನೂ ಇಟ್ಟವು.

ಒಂದು ವಿಚಿತ್ರ ಕೇಳಿ. ಗಿಡಕ್ಕೆ ಇನ್ನೊಂದು ಎಚ್ಚರಿಕೆ ವಸ್ತು ಇದೆ, ಸ್ಯಾಲಿಸಿಲಿಕ್ ಆಮ್ಲ. ಅದು ಹೆಚ್ಚಾಗಿ ರೋಗಾಣುಗಳ ವಿರುದ್ಧ ಕೆಲಸ ಮಾಡುತ್ತದೆ. ಅನಿಲ ಹೆಚ್ಚಾದಾಗ ಅನೇಕ ಗಿಡಗಳಲ್ಲಿ ಇದು ಏರುತ್ತದೆ, ಇದು ಏರಿದರೆ ಅದು ಇಳಿಯುತ್ತದೆ. ಮನೆಯ ಮುಂಬಾಗಿಲಿಗೆ ಇಬ್ಬರು ಕಾವಲು, ಹಿತ್ತಿಲ ಬಾಗಿಲು ತೆರೆದೇ ಇದೆ ಅನ್ನುವ ಹಾಗೆ.

ನಮ್ಮ ಕಡೆ ನೋಡಿದ್ದು

ಇದು ಅಮೆರಿಕದ ಸೋಯಾ ಕಥೆ, ನಮ್ಮ ಕಡಲೆಕಾಯಿಗೆ ಏನು ಸಂಬಂಧ ಅಂದೆ. ಹೈದರಾಬಾದಿನಲ್ಲಿ ಒಣಭೂಮಿ ಬೇಸಾಯಕ್ಕೆಂದೇ ಇರುವ ಕೇಂದ್ರ ಸಂಶೋಧನಾ ಸಂಸ್ಥೆ ಇದೆ, ಕ್ರಿಡಾ ಅಂತ ಕರೆಯುತ್ತಾರೆ. ಅವರು ಮೇಲೆ ತೆರೆದಿರುವ ಪ್ಲಾಸ್ಟಿಕ್ ಗೂಡುಗಳಲ್ಲಿ ಕಡಲೆಕಾಯಿ ಬೆಳೆದು, 550 ಮತ್ತು 700ರ ಮಟ್ಟದಲ್ಲಿ ಅನಿಲ ಕೊಟ್ಟು, ಆ ಎಲೆಯನ್ನು ಇದೇ ತಂಬಾಕಿನ ಹುಳಕ್ಕೆ ತಿನ್ನಿಸಿ ನೋಡಿದ್ದಾರೆ. ನನ್ನ ಹೊಲದ ಬೆಳೆ, ನನ್ನ ಹೊಲದ ಹುಳ! 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಎಲೆಯ ಸಾರಜನಕ ಇಳಿದಿತ್ತು, ಹುಳ ಹೆಚ್ಚು ಎಲೆ ತಿಂದಿತು, ಕೋಶಕ್ಕೆ ಹೋಗಲು ಹೆಚ್ಚು ದಿನ ತೆಗೆದುಕೊಂಡಿತು. ಒಗರಿನ ಅಂಶ ಮಾತ್ರ ಆ ಎಲೆಯಲ್ಲಿ ಕಮ್ಮಿಯಾಗಿರಲಿಲ್ಲ, ಹೆಚ್ಚೇ ಇತ್ತು. ಅಂದರೆ ಗಿಡದ ರಕ್ಷಣೆಯೆಲ್ಲ ಒಟ್ಟಿಗೆ ಬೀಳುವುದಿಲ್ಲ, ಒಂದು ಬೀಳುತ್ತದೆ, ಒಂದು ಏಳುತ್ತದೆ. ಒಗರಿದ್ದರೂ ಹುಳ ತಿನ್ನುವುದನ್ನು ಬಿಡಲಿಲ್ಲ ಅನ್ನುವುದು ನಮಗೆ ಮುಖ್ಯ.

ಹರಳಿನ ಕೊಂಡಿ ಹುಳದ ಮೇಲೂ ಅವರು ಇಂಥದ್ದೇ ಕೆಲಸ ಮಾಡಿದ್ದಾರೆ. ರಾಯಚೂರು ಕೃಷಿ ವಿಶ್ವವಿದ್ಯಾನಿಲಯದವರು ಕಡಲೆ ಗಿಡ ಮತ್ತು ಕಾಯಿಕೊರಕದ ಮೇಲೆ ಮಾಡಿದ ಪ್ರಯೋಗ 2014ರಲ್ಲಿ ಅಚ್ಚಾಗಿದೆ. ದೆಹಲಿಯಲ್ಲಿ ಭತ್ತದ ಕಂದು ಜಿಗಿಹುಳದ ಮೇಲೆ ನೋಡಿದ್ದಾರೆ, ಅನಿಲ ಹೆಚ್ಚಿದ್ದ ಕಡೆ ಅದರ ಸಂಖ್ಯೆಯೂ ಹೆಚ್ಚಿತ್ತು.

ಹಾಗಾದರೆ ನನ್ನ 5 ಚೀಲ ತಿಂದದ್ದು ಗಾಳಿಯೇ? ಹೀಗೆ ಕೇಳಿದ್ದಕ್ಕೆ ಮಗಳು ನಕ್ಕಳು. "ಅಪ್ಪ, ವರ್ಷಕ್ಕೆ ಎರಡೋ ಮೂರೋ ಕಾಳು ಏರೋದು. ಹೋದ ವರ್ಷಕ್ಕೂ ಈ ವರ್ಷಕ್ಕೂ ಅಷ್ಟರಿಂದ ವ್ಯತ್ಯಾಸ ಆಗಲ್ಲ. ಒಂದು ವರ್ಷದ ಹುಳಕ್ಕೆ ಗಾಳಿಯನ್ನು ದೂರಬೇಡ." ಸರಿಯಾದ ಮಾತು. 1997–98ರಲ್ಲಿ ಗುಲ್ಬರ್ಗಾ, ಬೀದರ್ ಕಡೆ ತೊಗರಿಯನ್ನು ಕಾಯಿಕೊರಕ ಬೋಳು ಮಾಡಿದಾಗ ಅಕಾಲ ಮಳೆ, ಮೋಡ, ಔಷಧಿಗೆ ಜಗ್ಗದ ಹುಳ ಇವು ಕಾರಣವಾಗಿದ್ದವು. ಜೋಳದ ಸೈನಿಕ ಹುಳ 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದದ್ದು ಹೊರದೇಶದಿಂದ, ಗಾಳಿಯ ಅನಿಲದಿಂದಲ್ಲ. ಬಿಸಿ ಹೆಚ್ಚಾದರೆ ಹುಳ ಬೇಗ ಬೇಗ ಪೀಳಿಗೆ ಮುಗಿಸುತ್ತದೆ, ಅದು ಬೇರೆಯೇ ಲೆಕ್ಕ. ಅನಿಲ ಮಾಡುವುದು ನಿಧಾನದ ಕೆಲಸ. ಇಳಿಜಾರಿನ ಹೊಲದಲ್ಲಿ ಮಣ್ಣು ಕೊಚ್ಚಿಹೋಗುವ ಹಾಗೆ, ಒಂದು ಮಳೆಗೆ ಕಾಣುವುದಿಲ್ಲ, ಮೂವತ್ತು ವರ್ಷಕ್ಕೆ ಕಲ್ಲು ಎದ್ದಿರುತ್ತದೆ. ನಾವು ಕಂಡುಕೊಂಡಿರುವ ಔಷಧಿ ಲೆಕ್ಕ, ಗೊಬ್ಬರದ ಲೆಕ್ಕ ಎಲ್ಲ ಹಳೇ ಗಾಳಿಯ ಗಿಡಕ್ಕೆ ಕಂಡುಕೊಂಡದ್ದು ಅನ್ನುವುದನ್ನು ಮರೆಯಬಾರದು.

ರಾಗಿಯ ಮಾತು

ಎಲ್ಲ ಬೆಳೆಗೂ ಇದು ಒಂದೇ ರೀತಿ ಅಲ್ಲ. ರಾಗಿ, ಜೋಳ, ಸಜ್ಜೆ, ಮುಸುಕಿನ ಜೋಳ, ಕಬ್ಬು ಇವುಗಳ ಎಲೆಯ ರಚನೆಯೇ ಬೇರೆ. ಇವು ಅನಿಲವನ್ನು ಹೊರಕೋಣೆಯಲ್ಲಿ ಹಿಡಿದು ಒಳಕೋಣೆಗೆ ಒತ್ತಿ ತುಂಬುತ್ತವೆ. ಒಳಕೋಣೆ ಈಗಾಗಲೇ ಭರ್ತಿ, ಹೊರಗೆ ಹೆಚ್ಚಾದರೂ ಅವಕ್ಕೆ ಅಷ್ಟು ವ್ಯತ್ಯಾಸವಿಲ್ಲ. ಆದ್ದರಿಂದ ಎಲೆಯ ಸಾರವೂ ಅಷ್ಟಾಗಿ ತೆಳ್ಳಗಾಗುವುದಿಲ್ಲ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ತಡಗುಣಿ, ಹುಚ್ಚೆಳ್ಳು ಹಾಕುತ್ತಿದ್ದದ್ದು ಇದನ್ನು ತಿಳಿದಲ್ಲ. ಆದರೆ ಸೊರಗುವ ಬೆಳೆ, ಸೊರಗದ ಬೆಳೆ ಎರಡೂ ಒಂದೇ ಹೊಲದಲ್ಲಿ ಇರುತ್ತಿತ್ತು. ನಾನು ಬೆಲೆ ಆಸೆಗೆ ಎರಡು ಎಕರೆಗೂ ಬರೀ ಕಡಲೆಕಾಯಿ ಹಾಕಿದ್ದೆ. ಚಿಟ್ಟೆಗೆ ಎಲೆ ಹಾಸಿ ಊಟಕ್ಕೆ ಕರೆದ ಹಾಗಾಯಿತು.

ಹತ್ತಿ ಹಾಕುವ ಎಚ್.ಡಿ. ಕೋಟೆಯ ಕಡೆಯವರಿಗೆ ಒಂದು ಮಾತು. ಬಿಟಿ ಹತ್ತಿಯ ಎಲೆಯಲ್ಲಿರುವ ವಿಷವೂ ಒಂದು ಪ್ರೋಟೀನೇ. ಅನಿಲ ಬಹಳ ಹೆಚ್ಚು ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಅದರ ಪ್ರಮಾಣವೂ ಇಳಿದದ್ದುಂಟು. ಈಗ ಗುಲಾಬಿ ಕಾಯಿಕೊರಕ ಬಗ್ಗದೇ ಇರುವುದು ಅದರಿಂದಲ್ಲ, ಹುಳ ಆ ವಿಷಕ್ಕೆ ಒಗ್ಗಿಕೊಂಡಿದೆ. ಎರಡನ್ನೂ ಬೆರೆಸಬೇಡಿ.

ಈ ವರ್ಷ ಮಾಡಿದ್ದು

ಹೈದರಾಬಾದಿನ ಪ್ರಯೋಗದಲ್ಲಿ ನನಗೆ ಹಿಡಿಸಿದ ಮಾತು ಹುಳ ಹೆಚ್ಚು ದಿನ ಹುಳವಾಗಿಯೇ ಉಳಿಯುತ್ತದೆ ಅನ್ನುವುದು. ನಮ್ಮವರೊಬ್ಬರು, "ಅಷ್ಟು ದಿನ ಜಾಸ್ತಿ ತಿನ್ನುತ್ತಲ್ಲ" ಅಂತ ತಲೆ ಮೇಲೆ ಕೈ ಹೊತ್ತರು. ನಾನು ಬೇರೆ ಥರ ಯೋಚಿಸಿದೆ. ಅಷ್ಟು ದಿನ ಜಾಸ್ತಿ ಅದು ಕಾಗೆ, ಮೈನಾ, ಕಣಜ, ಜೇಡದ ಬಾಯಿಗೂ ಸಿಗುತ್ತದೆ. ಆದರೆ ನಾನು ಮೊದಲನೇ ವಾರವೇ ಔಷಧಿ ಹೊಡೆದು ಕಣಜ, ಜೇಡಗಳನ್ನು ಕೊಂದಿದ್ದರೆ ಆ ದಿನಗಳೆಲ್ಲ ಹುಳದ ಪಾಲಿಗೇ ಹೋಗುತ್ತವೆ. ಗಿಡದ ಕಾವಲು ಸಡಿಲವಾದ ಕಾಲದಲ್ಲಿ ಹೊಲದ ಕಾವಲನ್ನೂ ನಾನೇ ಕೈಯಾರೆ ಕೊಂದಿದ್ದೆ.

ಹಾಗಾಗಿ 2025ರಲ್ಲಿ ದಿನ ಲೆಕ್ಕ ಹಾಕಿ ಔಷಧಿ ಹೊಡೆಯುವುದನ್ನು ನಿಲ್ಲಿಸಿದೆ. ಒಂದು ಎಕರೆ ರಾಗಿ ಅಕ್ಕಡಿಗೆ ತಿರುಗಿಸಿದೆ. ಇನ್ನೊಂದು ಎಕರೆ ಕಡಲೆಕಾಯಿ, ನಡುನಡುವೆ ತೊಗರಿ ಸಾಲು, ಬದುವಿನುದ್ದಕ್ಕೂ ಹರಳು. ಈ ಹುಳದ ಚಿಟ್ಟೆಗೆ ಹರಳಿನ ಎಲೆ ಅಂದರೆ ಪ್ರಾಣ. ಎಲೆಯಡಿ ಕಂದು ಕೂದಲು ಮೆತ್ತಿದ ಮೊಟ್ಟೆ ಗುಂಪು ಇಡುತ್ತದೆ. ಮರಿ ಹುಟ್ಟಿದ ಮೇಲೂ ಮೊದಲು ಎಲ್ಲ ಒಟ್ಟಿಗೇ ಇದ್ದು ಎಲೆಯ ಹಸಿರು ಕೆರೆದು ತಿನ್ನುತ್ತವೆ, ಎಲೆ ಬಿಳೀ ಕಾಗದದ ಥರ ಕಾಣುತ್ತದೆ. ಆ ಹೊತ್ತಿಗೆ ಒಂದು ಎಲೆ ಕಿತ್ತರೆ ನೂರಾರು ಹುಳ ಹೋದ ಹಾಗೆ. ನಾನೂ ನನ್ನ ಹೆಂಡತಿಯೂ ವಾರಕ್ಕೆರಡು ಸಲ ಬದು ಸುತ್ತಿ ಅಂಥ ಎಲೆ ಕಿತ್ತು ಮಣ್ಣಿನಲ್ಲಿ ಆಳವಾಗಿ ಹೂತೆವು. ಅಲ್ಲಲ್ಲಿ ಕವಲು ಕಡ್ಡಿ ನೆಟ್ಟೆ, ಹಕ್ಕಿ ಕೂರಲಿ ಅಂತ. ಒಂದೇ ಒಂದು ಸಲ ಬೇವಿನ ಬೀಜದ ಕಷಾಯ ಹೊಡೆದೆ, ನೂರು ಲೀಟರಿಗೆ 5 ಕೆ.ಜಿ. ತಿರುಳು, ಅದೂ ಸಂಜೆ ಹೊತ್ತು.

ಎಲೆ ಬಿಳಿಚಿದಾಗ ಯೂರಿಯಾ ಎರಚುವ ಚಪಲ ಇತ್ತು, ಅದನ್ನೂ ತಡೆದೆ. ಒಮ್ಮೆಗೇ ಕೊಟ್ಟ ಸಾರಜನಕ ಎಲೆಯನ್ನು ಮೆತ್ತಗೆ ಮಾಡಿ ಹುಳವನ್ನೇ ಸಾಕುತ್ತದೆ ಅನ್ನುವುದು ನನ್ನ ಅನುಭವ. ಬದಲಿಗೆ ಬಿತ್ತನೆಗೆ ಮುಂಚೆ ಎರಡು ಗಾಡಿ ಕೊಟ್ಟಿಗೆ ಗೊಬ್ಬರ ಹೆಚ್ಚು ಹಾಕಿದ್ದೆ, ಬೀಜಕ್ಕೆ ರೈಜೋಬಿಯಂ ಹಚ್ಚಿದ್ದೆ. ತೇವ ಇದ್ದಷ್ಟು ದಿನ ಬೇರಿನ ಗಂಟು ಕೆಲಸ ಮಾಡಲಿ ಅಂತ.

ಒಂದು ಎಕರೆಗೆ 6 ಚೀಲ ಬಂತು. ಎಲೆ ತೂತು ಬೀಳಲಿಲ್ಲ ಅಂತ ಹೇಳಿದರೆ ಸುಳ್ಳು. ಬಿತ್ತು, ಆದರೆ ಸಾಲ ಆಗಲಿಲ್ಲ. ಈ ವರ್ಷದ ಮಳೆಯೂ ಬೇರೆ ಥರ ಇತ್ತು, ಆದ್ದರಿಂದ ಇದನ್ನು ಗೆದ್ದೆ ಅಂತ ಬರೆಯುತ್ತಿಲ್ಲ.

ಮಗಳು ಒಂದು ಕೆಲಸ ಹಚ್ಚಿದ್ದಾಳೆ. ಹೊಲದ ಬೇರೆ ಬೇರೆ ಕಡೆ ಹತ್ತು ಗಿಡಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಪ್ರತಿ ಸೋಮವಾರ ಆ ಹತ್ತು ಗಿಡದಲ್ಲಿ ತೂತಾದ ಎಲೆ ಎಷ್ಟು, ಹುಳ ಎಷ್ಟು, ಜೇಡ ಎಷ್ಟು ಅಂತ ಎಣಿಸಿ ಹಾಲಿನ ಡೈರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯಬೇಕು. ಕೃಷ್ಣಮೂರ್ತಿಪುರಂನಲ್ಲಿ ತಂಗಿಯ ಹಿತ್ತಿಲಿನ ಚಪ್ಪರದವರೆಗೂ ಅವಳು ದಾರ ಕಟ್ಟಿ ತಾನೂ ಎಣಿಸುತ್ತಾಳೆ. ತಿಂಗಳಿಗೊಮ್ಮೆ ಹೋದಾಗ ಇಬ್ಬರ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇವೆ. ಸದ್ಯಕ್ಕೆ ಜೇಡದ ಲೆಕ್ಕದಲ್ಲಿ ನನ್ನ ಹೊಲ ಮುಂದಿದೆ, ಹುಳದ ಲೆಕ್ಕದಲ್ಲಿ ಅವಳ ಚಪ್ಪರ. ಯಾರಾದರೂ ಅವರೆ, ತೊಗರಿ, ಹುರಳಿಯಲ್ಲಿ ಹೀಗೆ ಎಣಿಸಿದ್ದರೆ ಪತ್ರಿಕೆಗೆ ಬರೆದು ತಿಳಿಸಿ, ನಮ್ಮ ಲೆಕ್ಕದ ಜೊತೆ ಹೋಲಿಸಿ ನೋಡಬೇಕು.